ಹುಟ್ಟಿದ್ದು ಈ ಕಡಿ, ತೀರಿದ್ದು ಆ ಕಡಿ, ನಮ್ ಕೂಸು ಯಾವ ಪಟ್ಟಿಯೊಳಗೂ ಇಲ್ಲ

ಗಡಿಯೂರ ಮಾಸ್ತರ:
ಎಲ್ಲಾರಿಗೂ ನಮಸ್ಕಾರ. ಇದನ್ನ ಬರೀಬೇಕು ಅಂತ ಭಾಳ ದಿನದಿಂದ ಅನ್ಕೊಂಡಿದ್ದೆ, ಕೈ ಏಳ್ಲಿಲ್ಲ. ನಮ್ದು ಯಾದಗಿರಿ ಜಿಲ್ಲಾ ಗುರುಮಠಕಲ್ ಕಡಿ ಹಳ್ಳಿ, ಹೊಲ ದಾಟಿದ್ರ ತೆಲಂಗಾಣ. ತಂಗಿನ್ನ ಕೊಟ್ಟಿದ್ದು ನಾರಾಯಣಪೇಟ ಜಿಲ್ಲಾಕ್ಕ. ನಮ್ ಕಡಿ ಇದೇನ್ ದೊಡ್ಡ ಮಾತಲ್ಲ, ಹೆಣ್ಣು ಕೊಡೋದು ತರೋದು, ಸಂತಿ, ಜಾತ್ರಿ ಎಲ್ಲಾ ಎರಡೂ ಕಡಿ ಅದ, ಮನಿಯೊಳಗ ಕನ್ನಡ ತೆಲುಗು ಎರಡೂ ನಡೀತಾವ. ಚೊಚ್ಚಲ ಹೆರಿಗಿ ಅಂತ ಏಳನೇ ತಿಂಗಳಾಗ ಕುಬಸ ಮಾಡಿ ತವರಿಗೆ ಕರ್ಕೊಂಡ್ ಬಂದ್ವಿ.

ಸರಕಾರಿ ದವಾಖಾನಿಯೊಳಗ ನಾರ್ಮಲ್ ಆತು. ಗಂಡು ಕೂಸು, 2 ಕೆಜಿ 100 ಗ್ರಾಂ. ಮರುದಿನ ಬೆಡ್ ಇಲ್ಲ ಅಂತ ಮನಿಗೆ ಕಳಿಸಿದ್ರು. ಕೂಸು ಸಣ್ಣದದ, ಬೆಚ್ಚಗ ಇಡ್ರಿ ಅಂದ್ರು, ಅಷ್ಟ. ಹೆಂಗ ಇಡಬೇಕು ಅಂತ ಯಾರೂ ತೋರಿಸ್ಲಿಲ್ಲ. ಎಂಟನೇ ದಿನ ಹಾಲು ಕುಡಿಯೋದು ಕಮ್ಮಿ ಆತು. ಒಂಬತ್ತನೇ ದಿನ ಅಳೂದು ಬಿಡ್ತು. ನಮ್ಮವ್ವ ಅಂದ್ಳು, ಪುಣ್ಯಾತ್ಮ ಕೂಸು, ತಾಯಿಗೆ ತ್ರಾಸೇ ಕೊಡವಲ್ದು ಅಂತ. ನಾವೂ ಹಂಗ ತಿಳ್ಕೊಂಡ್ವಿ. ಹತ್ತನೇ ದಿನ ರಾತ್ರಿ ಕಾಲು ಮುಟ್ಟಿದ್ರ ತಣ್ಣಗ ಕಲ್ಲಿನಂಗ ಇದ್ವು. ಹತ್ರದ ದವಾಖಾನಿಯೊಳಗ ಡಾಕ್ಟರ್ ಇರ್ಲಿಲ್ಲ, ಜಿಲ್ಲಾಕ್ಕ ಹೋಗ್ರಿ ಅಂದ್ರು, ಅಲ್ಲಿ ಹೋದ ಮ್ಯಾಲೆ ಜಾಗ ಇಲ್ಲ ದೊಡ್ಡ ಊರಿಗೆ ಒಯ್ರಿ ಅಂದ್ರು, ನಾವು ಬಾಡಿಗಿ ಗಾಡಿ ಮಾಡ್ಕೊಂಡು ಹೈದ್ರಾಬಾದ್ ದಾರಿ ಹಿಡಿದ್ವಿ. ಮಹಬೂಬನಗರ ಇನ್ನೂ ಬಂದಿದ್ದಿಲ್ಲ.

ಆಮ್ಯಾಲೆ ನಾ ತಿರುಗಾಡಿ ಕೇಳ್ದೆ. ನಮ್ಮೂರಿನ ಆಶಾ ಪಟ್ಟಿಯೊಳಗ ತಂಗಿ ಹೆಸರಿಲ್ಲ, ಯಾಕಂದ್ರ ಆಕಿ ಕಾರ್ಡ್ ಆ ಕಡಿ ಮಾಡ್ಸಿದ್ದು. ಆ ಕಡಿ ಆಶಾ ಪುಸ್ತಕದೊಳಗ ತಂಗಿ ಹೆಸರ ಮುಂದ ತವರಿಗೆ ಹೋಗ್ಯಾಳ ಅಂತ ಬರದದ. ಕೂಸು ಬದುಕಿದ್ದ ಹನ್ನೊಂದು ದಿನ ಯಾರೂ ಒಮ್ಮಿ ಬಂದು ತೂಕ ಮಾಡ್ಲಿಲ್ಲ. ನಾ ಜಗಳಾಡಾಕ ಬರೀವಲ್ಲೆ. ಉಳದವರ ಕಡಿ ಹೆಂಗ ಅದ ಅಂತ ಕೇಳ್ಬೇಕಾಗಿದೆ.

ಭೀಮಾತೀರ:
ಮಾಸ್ತರೆ, ಓದಿ ಕರುಳು ಕಿತ್ತು ಬಂತು. ನಮ್ಮ ವೈನಿದೂ ಇದೇ ಕತಿ, ಎರಡನೇದು. ಅಳದಿದ್ದ ಕೂಸು ಒಳ್ಳೇ ಕೂಸು ಅಂತ ನಮ್ಮನಿಯೊಳಗೂ ಅಂದಿದ್ರು.

ಅಂಕಿಅಂಶ:
ಮೇಷ್ಟ್ರೇ, ನಿಮ್ಮ ದುಃಖಕ್ಕೆ ಏನು ಹೇಳೋದು ಗೊತ್ತಾಗ್ತಿಲ್ಲ. ನಾನು ಬೆಂಗಳೂರಲ್ಲಿ ಆರೋಗ್ಯದ ಡೇಟಾ ಕೆಲಸ ಮಾಡೋನು, ನನಗೆ ಗೊತ್ತಿರೋದು ಹೇಳ್ತೀನಿ. ಕೇಂದ್ರ ಸರ್ಕಾರದ ಜನನ ಮರಣ ಲೆಕ್ಕದ ಸರ್ವೆ ಎಸ್‌ಆರ್‌ಎಸ್ ಪ್ರಕಾರ 2010ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 38 ಮಕ್ಕಳು ಒಂದು ವರ್ಷ ತುಂಬೋದ್ರೊಳಗೆ ಸಾಯ್ತಿದ್ರು, 2020ಕ್ಕೆ ಅದು 19ಕ್ಕೆ ಇಳಿದಿದೆ. ಅದೇ ವರ್ಷ ತೆಲಂಗಾಣ 21, ಆಂಧ್ರ 24, ಮಹಾರಾಷ್ಟ್ರ 16, ಕೇರಳ 6, ಇಡೀ ದೇಶದ್ದು 28. ಹತ್ತು ವರ್ಷದಲ್ಲಿ ಅರ್ಧ ಆಗಿದೆ ಅಂದ್ರೆ ನಿಜವಾಗ್ಲೂ ಕೆಲಸ ಆಗಿದೆ, ಅದನ್ನ ಇಲ್ಲ ಅನ್ನೋಕಾಗಲ್ಲ. ಆದ್ರೆ ಇದು ಇಡೀ ರಾಜ್ಯದ ಸರಾಸರಿ. ಎಸ್‌ಆರ್‌ಎಸ್ ಸ್ಯಾಂಪಲ್ ಸರ್ವೆ, ಅದು ಜಿಲ್ಲಾವಾರು ಶಿಶು ಮರಣ ಕೊಡಲ್ಲ. ಎನ್‌ಎಫ್‌ಎಚ್‌ಎಸ್ ಅನ್ನೋ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪಟ್ಟಿಯಲ್ಲಿ ಕುಂಠಿತ ಬೆಳವಣಿಗೆ, ಲಸಿಕೆ, ರಕ್ತಹೀನತೆ ಎಲ್ಲ ಇರುತ್ತೆ, ಶಿಶು ಮರಣ ಇರಲ್ಲ. ಯಾದಗಿರಿಯಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಅಂತ ಹೇಳುತ್ತೆ, ರಾಜ್ಯದಲ್ಲಿ ಅದು 35%. ಆದ್ರೆ ಎಷ್ಟು ಕೂಸು ಸತ್ವು ಅನ್ನೋ ಗಟ್ಟಿ ಅಂಕಿ ಬೇಕು ಅಂದ್ರೆ ಆಸ್ಪತ್ರೆ, ಆಶಾ ವರದಿ ಮೇಲೇ ನಂಬಿಕೆ ಇಡಬೇಕು. ಅಲ್ಲಿ ಬರೆಯದೇ ಬಿಟ್ಟಿದ್ದು ಎಲ್ಲೂ ಬರಲ್ಲ.

ಇನ್ನೊಂದು ವಿಷಯ. ಜನನ ಮರಣ ನೋಂದಣಿ 1969ರ ಕಾಯ್ದೆ ಪ್ರಕಾರ ಘಟನೆ ಎಲ್ಲಿ ಆಯ್ತೋ ಅಲ್ಲೇ ನೋಂದಣಿ. ನಿಮ್ಮ ಕೂಸು ನಡುದಾರಿಯಲ್ಲಿ ಹೋಗಿದೆ. ನೋಂದಣಿ ಆಯ್ತಾ?

ಗಡಿಯೂರ ಮಾಸ್ತರ:
ಇಲ್ಲ ಸರ್. ಗಾಡಿ ತಿರುಗಿಸ್ಕೊಂಡು ಊರಿಗೆ ಬಂದ್ವಿ. ಹೊಲದಾಗ ಮಣ್ಣು ಮಾಡಿದ್ವಿ. ಜನನದ ಸರ್ಟಿಫಿಕೇಟ್ ಅದ, ಮರಣದ್ದಿಲ್ಲ. ಕಾಗದದ ಪ್ರಕಾರ ಅವ ಇನ್ನೂ ಬದುಕ್ಯಾನ.

ಹೊಸಪೇಟೆ ಹುಡುಗ:
ಯಾರೂ ಬೇಜಾರ್ ಮಾಡ್ಕೋಬೇಡಿ, ನಾನೂ ಇದೇ ಭಾಗದವನು ಅದಕ್ಕೆ ಹೇಳ್ತಿದ್ದೀನಿ. ಎಲ್ಲದಕ್ಕೂ ಸರ್ಕಾರ ಸರ್ಕಾರ ಅಂದ್ರೆ ಹೆಂಗೆ? ಹದಿನಾರು ಹದಿನೇಳಕ್ಕೆ ಮದುವೆ ಮಾಡ್ತಾರೆ, ಬಸುರಿಗೆ ಜಾಸ್ತಿ ತಿಂದ್ರೆ ಕೂಸು ದಪ್ಪ ಆಗುತ್ತೆ ಅಂತ ಊಟ ಕಮ್ಮಿ ಮಾಡ್ತಾರೆ, ಹುಟ್ಟಿದ ತಕ್ಷಣ ಬರೋ ಗಿಣ್ಣು ಹಾಲು ಹಿಂಡಿ ಚೆಲ್ಲಿ ಸಕ್ರೆ ನೀರು ಹಾಕ್ತಾರೆ, ಹೊಟ್ಟೆ ಉಬ್ಬಿದ್ರೆ ಬರೆ ಹಾಕ್ತಾರೆ, ಕಬ್ಬಿಣದ ಮಾತ್ರೆ ಕೊಟ್ರೆ ತಿಪ್ಪೆಗೆ ಎಸೀತಾರೆ. ಬರೆ ಬಿದ್ದು ಕೀವಾದ ಕೂಸನ್ನ ನಾನೇ ಕಣ್ಣಾರೆ ನೋಡಿದೀನಿ. ಜನ ಬದಲಾಗದೆ ಏನೂ ಆಗಲ್ಲ.

ಎಳೆಕೂಸಿನ ವಾರ್ಡ್ ಸಿಸ್ಟರ್:
ತಮ್ಮಾ, ನೀ ಹೇಳಿದ್ದು ಒಂದೂ ಸುಳ್ಳಲ್ಲ. ಹನ್ನೆರಡು ವರ್ಷ ಆಯ್ತು ನಾನು ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡ್ತಾ, ಬರೆ ಹಾಕಿದ ಕೂಸುಗಳನ್ನ ನಾನೂ ಎತ್ಕೊಂಡಿದೀನಿ. ಆದ್ರೆ ಮಾಸ್ತರ ಮನೆಯಲ್ಲಿ ಇದ್ರಲ್ಲಿ ಯಾವುದು ಆಯ್ತು ಹೇಳು. ಕುಬಸ ಮಾಡಿ ಕರ್ಕೊಂಡ್ ಬಂದ್ರು, ದವಾಖಾನೆಯಲ್ಲೇ ಹೆರಿಗೆ ಮಾಡಿಸಿದ್ರು, ಹೇಳಿದಲ್ಲಿಗೆಲ್ಲ ಒಯ್ದ್ರು. ಈಗ ನಮ್ಮ ರಾಜ್ಯದಲ್ಲಿ 97% ಹೆರಿಗೆ ಆಸ್ಪತ್ರೆಯಲ್ಲೇ ಆಗ್ತಿದೆ. ಜನ ಬಂದಾಗಿದೆ. ಬಂದ ಮೇಲೆ ನಾವು ಏನು ಮಾಡ್ತೀವಿ ಅನ್ನೋದು ಈಗಿನ ಪ್ರಶ್ನೆ.

ಸ್ವಲ್ಪ ಉದ್ದ ಬರೀತೀನಿ, ಓದಿ. ಎರಡೂವರೆ ಕೆಜಿ ಕೆಳಗೆ ಹುಟ್ಟಿದ ಕೂಸು ಅಂದ್ರೆ ಕಮ್ಮಿ ತೂಕ. ಅದರ ಮೈಯಲ್ಲಿ ಕೊಬ್ಬಿಲ್ಲ, ಕಾವು ಹಿಡಿದಿಟ್ಕೊಳ್ಳೋಕೆ ಬರಲ್ಲ. ಮೈ ತಣ್ಣಗಾದ್ರೆ ಇರೋ ಶಕ್ತಿ ಎಲ್ಲ ಕಾವಿಗೇ ಖರ್ಚಾಗಿ ಹಾಲು ಎಳೆಯೋಕೆ ಬಲ ಇರಲ್ಲ, ಹಾಲಿಲ್ದೆ ಸಕ್ಕರೆ ಅಂಶ ಇಳಿಯುತ್ತೆ, ಮಂಪರು ಬರುತ್ತೆ, ಅಳಲ್ಲ, ಅಳದ ಕೂಸಿಗೆ ಹಸಿವಿಲ್ಲ ಅಂತ ಮನೇಲಿ ತಿಳ್ಕೊಂಡು ಹಾಲು ಇನ್ನೂ ತಡ ಮಾಡ್ತಾರೆ. ಅದರ ಜೊತೆ ನಂಜು ಸೇರಿದ್ರೆ ಒಂದೇ ದಿನ ಸಾಕು. ಇದಕ್ಕೆ ಮೊದಲ ಮದ್ದು ತಾಯಿ ಎದೆ. ಬಟ್ಟೆ ಇಲ್ದ ಕೂಸನ್ನ, ಟೋಪಿ ಕಾಲುಚೀಲ ಹಾಕಿ, ತಾಯಿ ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಸೀರೆಯಲ್ಲಿ ಕಟ್ಕೊಳ್ಳೋದು, ಹಗಲೂ ರಾತ್ರಿ. ಕಾಂಗರೂ ಆರೈಕೆ ಅಂತೀವಿ. ತಾಯಿಗೆ ಸುಸ್ತಾದ್ರೆ ಅಜ್ಜಿ, ಅಪ್ಪ, ಸೋದರಮಾವ ಯಾರಾದ್ರೂ ಕಟ್ಕೋಬಹುದು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಇದನ್ನ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದಾರೆ, ಸರ್ಕಾರಿ ಆಸ್ಪತ್ರೆಯಲ್ಲೇ. ಯಂತ್ರ ಬೇಡ, ಕರೆಂಟ್ ಬೇಡ. ಆದ್ರೆ ಕಲಿಸೋಕೆ ಒಬ್ಬ ಮನುಷ್ಯ ಬೇಕು, ತಾಯಿ ಎರಡು ಮೂರು ದಿನ ಇರೋಕೆ ಒಂದು ಮಂಚ ಬೇಕು. ಮಾಸ್ತರ ತಂಗಿಗೆ ಅವೆರಡೂ ಸಿಗಲಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಎಸ್‌ಎನ್‌ಸಿಯು ಅಂತ, ಕಾಯಿಲೆಯ ಎಳೆಕೂಸುಗಳ ವಾರ್ಡ್ ಇರುತ್ತೆ, ಊರವರು ಗಾಜಿನ ಪೆಟ್ಟಿಗೆ ವಾರ್ಡ್ ಅಂತಾರೆ. ತಾಲೂಕಿನಲ್ಲಿ ಅದರ ಚಿಕ್ಕದು ಇರಬೇಕು. ಕಟ್ಟಡ ಇರುತ್ತೆ, ಕೂಸಿಗೆ ಕಾವು ಕೊಡೋ ವಾರ್ಮರ್ ಇರುತ್ತೆ, ಮಕ್ಕಳ ಡಾಕ್ಟರ್ ಪೋಸ್ಟ್ ಖಾಲಿ ಇರುತ್ತೆ. ಆಗ ತಾಲೂಕಿನ ಕೂಸೂ ಜಿಲ್ಲೆಗೇ ಬರುತ್ತೆ, ಒಂದು ವಾರ್ಮರ್ ಮೇಲೆ ಎರಡು ಕೂಸು ಮಲಗಿಸಿ ರಾತ್ರಿ ಕಳೆದದ್ದು ನನಗೆ ಲೆಕ್ಕ ಇಲ್ಲ. ಜಾಗ ಇಲ್ಲ ಅಂತ ಹೇಳಿ ಕಳಿಸೋವಾಗ ನಮ್ಮ ಹೊಟ್ಟೆಯಲ್ಲೂ ಬೆಂಕಿ ಬೀಳುತ್ತೆ. ಅಲ್ಲಿಂದ ಗಾಡೀಲಿ ಒದ್ದೆ ಬಟ್ಟೆ ಸುತ್ತಿ ಹೊರಟ ಕೂಸು ಎರಡು ತಾಸಿನ ದಾರೀಲೇ ತಣ್ಣಗಾಗಿಬಿಡುತ್ತೆ.

ಹೊಸಪೇಟೆ ಹುಡುಗ:
ಅಕ್ಕಾ, ನಾನು ಮಾಸ್ತರ ಮನೆಯವರಿಗೆ ಅಂತ ಹೇಳಿದ್ದಲ್ಲ. ಆದ್ರೂ ಅವರ ಪೋಸ್ಟ್ ಕೆಳಗೆ ಹಾಗೆ ಬರೀಬಾರದಿತ್ತು. ಕ್ಷಮಿಸಿ ಮಾಸ್ತರೆ.

ಗಡಿಯೂರ ಮಾಸ್ತರ:
ಇರ್ಲಿ ಬಿಡ್ರಿ. ಸಿಸ್ಟರ್, ಸೋದರಮಾವನೂ ಕಟ್ಕೋಬಹುದು ಅಂದ್ರಿ. ನಾ ಹನ್ನೊಂದು ದಿನ ಅಲ್ಲೇ ಇದ್ದೆ.

ಎಳೆಕೂಸಿನ ವಾರ್ಡ್ ಸಿಸ್ಟರ್:
ಅಣ್ಣಾರೆ, ಅದು ನಿಮಗೆ ಗೊತ್ತಿರಲಿಲ್ಲ. ಹೇಳಬೇಕಾದವರು ನಾವು. ಅದನ್ನ ನಿಮ್ಮ ತಲೆ ಮೇಲೆ ಹೊತ್ಕೋಬೇಡಿ, ನಿಮ್ಮ ತಂಗಿಗೂ ಇದನ್ನೇ ಹೇಳಿ.

ಕೃಷ್ಣಾ ದಂಡೆ:
ನಾವು ಅಥಣಿ ಕಡಿಯವ್ರು. ಇಲ್ಲಿ ತಲಿತಲಾಂತ್ರದಿಂದ ಜನ ಮಹಾರಾಷ್ಟ್ರದ ಮೀರಜಕ್ಕ ಹೊಕ್ಕಾರ, ಬೆಳಗಾವಿ ದೂರ, ಮೀರಜ ಹತ್ರ. ನಮ್ಮ ಮುತ್ಯಾನ ಕಾಲದಾಗೂ ಮೀರಜ ಮಿಷನ್ ದವಾಖಾನಿ ಅಂದ್ರ ದೇವ್ರಿದ್ದಂಗ, 1894ರಾಗ ಶುರುವಾಗಿದ್ದು ಅದು. ಗಡಿ ಅಂತ ಜನಕ್ಕ ಅನಿಸೂದ ಇಲ್ಲ, ಕಾರ್ಡ್ ತಗದಾಗ ಅಷ್ಟ ಗಡಿ ಕಾಣತೈತಿ. ನಮ್ಮ ರಾಜ್ಯದ ಸ್ಕೀಮ್ ಕಾರ್ಡ್ ಅಲ್ಲಿ ನಡಿಯೂದಿಲ್ಲ ಅಂತಾರ, ಅವರದು ಇಲ್ಲಿ ನಡಿಯೂದಿಲ್ಲ, ಕೈಲೆ ರೊಕ್ಕ ಇದ್ದಾವ ದಾಟತಾನ.

ಬದಿಯಡ್ಕ:
ನಾನು ಕಾಸರಗೋಡಿನ ಕನ್ನಡಿಗ. ಕೇರಳದ ಶಿಶು ಮರಣ 6 ಅಂತ ಮೇಲೆ ಬರೆದಿದ್ದೀರಲ್ಲ, ಅದನ್ನು ನೋಡಿದರೆ ನಮಗೆ ಯಾವ ತೊಂದರೆಯೂ ಇಲ್ಲ ಅಂತ ಕಾಣ್ತದೆ. ನಮ್ಮ ಸ್ಥಿತಿ ನಿಮ್ಮಷ್ಟು ಕಷ್ಟದ್ದಲ್ಲ ಅಂತ ಒಪ್ಪುತ್ತೇನೆ. ಆದರೂ ಒಳ್ಳೆಯ ಅಂಕಿ ಇರುವ ರಾಜ್ಯದ ತುದಿಯಲ್ಲಿ ಇರುವುದು ಅಂದ್ರೆ ಏನು ಅಂತ ನಮಗೂ ಗೊತ್ತುಂಟು. ಸ್ವಲ್ಪ ಗಂಭೀರ ಆದರೆ ಮಂಗಳೂರಿಗೇ ಹೋಗುವುದು, ಅದೇ ನಮ್ಮ ದೊಡ್ಡಾಸ್ಪತ್ರೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಮೊದಲು ರೋಗಿಗಳಿಗೆ ಬಾಗಿಲು ತೆರೆದದ್ದು 2020ರ ಏಪ್ರಿಲಿನಲ್ಲಿ, ಅದೂ ಕೋವಿಡ್ ಬಂತೆಂದು.

ಆ ವರ್ಷ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿಗೆ ಹೋಗಲಾಗದೆ ಎಷ್ಟೋ ರೋಗಿಗಳು ತೀರಿಕೊಂಡರು, ಒಬ್ಬಳು ಬಸುರಿಗೆ ವಾಪಸು ಬರುವಾಗ ಆಂಬುಲೆನ್ಸಿನಲ್ಲೇ ಹೆರಿಗೆ ಆಯಿತು. ಕೇರಳ ಹೈಕೋರ್ಟು ಏಪ್ರಿಲ್ ಒಂದಕ್ಕೆ ಆದೇಶ ಕೊಟ್ಟು, ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕಡೆಗೆ ಎರಡು ರಾಜ್ಯಗಳು ಕೂತು ಮಾತಾಡಿ ತುರ್ತು ರೋಗಿಗಳನ್ನು ಬಿಡುವುದು ಅಂತ ಆಯಿತು. ಅಂದರೆ ಮನಸ್ಸು ಮಾಡಿದರೆ ಎರಡು ರಾಜ್ಯ ಒಂದು ಕಾಗದದಲ್ಲಿ ಸಹಿ ಹಾಕಬಹುದು ಅಂತ ಆಯಿತಲ್ಲ. ಬಾಣಂತಿ ಮತ್ತು ಎಳೆಮಗುವಿಗೆ ಅಂಥದ್ದೊಂದು ಕಾಯಂ ಏರ್ಪಾಡು ಯಾಕೆ ಮಾಡಬಾರದು?

ತೊಗರಿ ಕಣಜ:
ಮಾಡ್ಬೇಕು, ಖರೆ ಅದ. ಆದ್ರ ಮೊದಲ ನಮ್ಮನಿಯೊಳಗ ನೋಡ್ಕೋಬೇಕು. ಪ್ರಾದೇಶಿಕ ಅಸಮಾನತೆ ನೋಡಾಕ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಾಗ ವರದಿ ಕೊಡ್ತು, ರಾಜ್ಯದಾಗ 39 ಅತೀ ಹಿಂದುಳಿದ ತಾಲೂಕು ಅಂತ ಗುರ್ತಿಸ್ತು, ಅದ್ರಾಗ 21 ನಮ್ ಕಲಬುರಗಿ ವಿಭಾಗದ್ದೇ. ನಿಜಾಮನ ಕಾಲದಾಗ ಹೈದ್ರಾಬಾದಿಗೆ ನಾವು ಮೂಲಿ, 1956ರ ನಂತರ ಬೆಂಗಳೂರಿಗೆ ನಾವು ಮೂಲಿ. ಸಂವಿಧಾನದಾಗ ನಮ್ ಭಾಗಕ್ಕ ವಿಶೇಷ ಸ್ಥಾನ ಕೊಡೋ 371(ಜೆ) ಬಂತು, ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಗೆ ಈಗ ವರ್ಷಕ್ಕ 5,000 ಕೋಟಿ ಅಂತಾರ, ರೋಡು ಕಟ್ಟಡ ಕಾಣ್ತಾವ, ಆದ್ರ ಡಾಕ್ಟರ್ ಬಂದು ನಿಲ್ಲಂಗಿಲ್ಲ. ರಾಯಚೂರಿಗೆ ಏಮ್ಸ್ ಬೇಕಂತ 2022ರ ಮೇ 13ಕ್ಕ ಕುಂತ ಧರಣಿ ಸಾವಿರ ದಿನ ದಾಟಿತು. ರಾಯಚೂರಿಂದ ಬೆಂಗಳೂರು ನಾಕುನೂರು ಕಿಲೋಮೀಟರ್. ಇಲ್ಲೇ ಏಮ್ಸ್ ಇದ್ದಿದ್ರ ಮಾಸ್ತರ ಕೂಸು ಹೈದ್ರಾಬಾದ್ ದಾರಿ ಹಿಡೀತಿತ್ತೇನು?

ಎಳೆಕೂಸಿನ ವಾರ್ಡ್ ಸಿಸ್ಟರ್:
ಏಮ್ಸ್ ಬೇಕು, ಆ ಧರಣಿಗೆ ನಾನೂ ಒಂದು ದಿನ ಹೋಗಿ ಕೂತು ಬಂದಿದೀನಿ. ಆದ್ರೆ ನನ್ನ ಅನುಭವದಲ್ಲಿ ಹೇಳ್ತೀನಿ, ಆ ಕೂಸು ಏಮ್ಸ್ ಬೇಕಾಗಿ ಹೋಗಿದ್ದಲ್ಲ. ಮೂರನೇ ದಿನ ಒಬ್ರು ಬಂದು ತೂಕ ಮಾಡಿ, ಹಾಲು ಕುಡಿಯೋದು ನೋಡಿ, ಎದೆಗೆ ಕಟ್ಕೊಳ್ಳೋದು ತೋರಿಸಿದ್ರೆ, ಏಳನೇ ದಿನ ಮತ್ತೆ ಬಂದಿದ್ರೆ ಉಳೀತಿತ್ತು ಅಂತ ನನ್ನ ಮನಸ್ಸು ಹೇಳುತ್ತೆ. ಹತ್ತನೇ ದಿನ ರಾತ್ರಿ ಎಷ್ಟು ದೊಡ್ಡ ಆಸ್ಪತ್ರೆಗೆ ಒಯ್ದ್ರೂ ಕಷ್ಟವೇ.

ತೊಗರಿ ಕಣಜ:
ಅಕ್ಕಾರೆ ಎರಡೂ ಬೇಕು ಅನ್ರಿ. ನಮ್ಗ ಯಾವಾಗೂ ಒಂದು ಕೊಟ್ಟು ಇನ್ನೊಂದು ಬಿಡ್ರಿ ಅಂತಾರ, ಅದಕ್ಕ ಈ ಸಿಟ್ಟು.

ಎಳೆಕೂಸಿನ ವಾರ್ಡ್ ಸಿಸ್ಟರ್:
ಎರಡೂ ಬೇಕು. ಒಪ್ಪಿದೆ.

ಅಂಕಿಅಂಶ:
ಸಿಸ್ಟರ್ ಹೇಳಿದ್ದಕ್ಕೆ ಪುರಾವೆ ನಮ್ಮ ಪಕ್ಕದಲ್ಲೇ ಇದೆ. ಮಹಾರಾಷ್ಟ್ರದ ಗಡ್‌ಚಿರೋಲಿ, ಅದೂ ಗಡಿ ಜಿಲ್ಲೆನೇ, ಒಂದು ಕಡೆ ಛತ್ತೀಸ್‌ಗಢ ಇನ್ನೊಂದು ಕಡೆ ತೆಲಂಗಾಣ. ಅಲ್ಲಿ ಡಾಕ್ಟರ್ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಗೆ ಹೋಗಿ ಕೂಸಿನ ತೂಕ, ಕಾವು, ಉಸಿರು ನೋಡೋದು, ನಂಜಾದ್ರೆ ಔಷಧಿ ಕೊಡೋದು ಕಲಿಸಿದ್ರು. ಎಳೆಕೂಸಿನ ಸಾವು 62% ಇಳಿಯಿತು ಅಂತ 1999ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಅದನ್ನ ನೋಡಿಯೇ 2011ರಲ್ಲಿ ದೇಶದ ತುಂಬ ಆಶಾ ಮನೆ ಭೇಟಿ ಶುರುವಾಗಿದ್ದು. ಆಸ್ಪತ್ರೆ ಹೆರಿಗೆ ಆದ್ರೆ ಆರು ಭೇಟಿ, 3, 7, 14, 21, 28, 42ನೇ ದಿನ. ಮನೇಲಿ ಹೆತ್ರೆ ಮೊದಲ ದಿನದ್ದೂ ಸೇರಿ ಏಳು.

ಆಶಾ ಅವ್ವನ ಮಗ:
ನಮ್ಮವ್ವ ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲಾ, ಇದನ್ನೆಲ್ಲ ಓದಿ ಹೇಳ್ದೆ, ಆಕಿ ಹೇಳಿದ್ದು ನಾ ಟೈಪ್ ಮಾಡ್ತೀನಿ. ಆಕಿ ಅಂತಾಳ, ಆರು ಭೇಟಿ ಪೂರಾ ಮಾಡಿದ್ರ 250 ರೂಪಾಯಿ. ಆನ್‌ಲೈನಿನಾಗ ಆ ತಾಯಿ ನಂಬರ್ ನಮ್ ಊರಿಗೆ ಹತ್ತಿದ್ರ ರೊಕ್ಕ ಬರ್ತದ, ತವರಿಗೆ ಬಂದವ್ಳದು ಹತ್ತಂಗಿಲ್ಲ, ಬ್ಯಾರೆ ರಾಜ್ಯದ್ದಂತೂ ಕೇಳಾಂಗೇ ಇಲ್ಲ. ಆದ್ರೂ ಓಣಿಯೊಳಗ ಕೂಸು ಅದ ಅಂದ್ರ ಹೋಗದ ಇರಾಕ ಆಗಂಗಿಲ್ಲ, ನಾ ಹೋಗ್ತೀನಿ, ಎಲ್ಲಾರೂ ಹೋಗ್ತಾರ ಅಂತ ಹೇಳಾಕ ಬರಂಗಿಲ್ಲ. ಸರ್ವೆ, ಲಸಿಕಿ, ಆ್ಯಪ್, ಮೀಟಿಂಗ್ ಎಲ್ಲಾ ನಮ್ ಮ್ಯಾಲೆ. ಗುಳೆ ಹೋಗಿ ಬಂದವ್ರ ಕೂಸಂತೂ ಇನ್ನೂ ಕಷ್ಟ, ಬೆಂಗಳೂರಿನಾಗ ಬಿಲ್ಡಿಂಗ್ ಕೆಲಸದ ಶೆಡ್ಡಿನಾಗ ಹಡದು ಬಂದಿರ್ತಾರ, ಒಂದು ಕಾಗದನೂ ಇರಂಗಿಲ್ಲ. 2025ರ ಜನವರಿಯೊಳಗ ಬೆಂಗಳೂರಿಗೆ ಹೋಗಿ ಚಳಿಯೊಳಗ ಕುಂತಿದ್ವಿ, ತಿಂಗಳಿಗೆ ಹತ್ತು ಸಾವಿರ ಕೊಡ್ತೀವಿ ಅಂತ ಮಾತು ಕೊಟ್ರು.

ಮತ್ತೊಂದು ಹೇಳು ಅಂತಾಳ ಅವ್ವ. ಮಾಸ್ತರ ಊರಿನ ಆಶಾಗೆ ಬೈಯಬ್ಯಾಡ್ರಿ ಅಂತ.

ಗಡಿಯೂರ ಮಾಸ್ತರ:
ಇಲ್ಲ, ಬೈದಿಲ್ಲ. ಆಕಿನೂ ಬಂದು ನಮ್ಮವ್ವನ ಮುಂದ ಕುಂತು ಅತ್ತು ಹೋದ್ಳು.

ಸೇಡಂ ಸೊಸಿ:
ನಾ ಇಲ್ಲಿ ಬರೀಬಹುದೋ ಇಲ್ಲೋ ಗೊತ್ತಿಲ್ಲ. ನಂದು ಗಂಡನ ಮನಿ ಸೇಡಂ ಕಡಿ, ತವರು ತೆಲಂಗಾಣದ ತಾಂಡೂರ ಹತ್ರ. ಮಾಸ್ತರ ತಂಗಿದು ಉಲ್ಟಾ. ನಂಗ ಈಗ ಎಂಟನೇ ತಿಂಗಳು, ಮುಂದಿನ ವಾರ ತವರಿಗೆ ಕರ್ಕೊಂಡ್ ಹೋಗಾಕ ಅಣ್ಣ ಬರ್ತಾನ. ರಕ್ತ (ಹಿಮೋಗ್ಲೋಬಿನ್) 8.6 ಅದ ಅಂದ್ರು. ಇದೆಲ್ಲಾ ಓದಿ ಅಂಜಿಕಿ ಬಂತು. ನಾ ಏನ್ ಮಾಡ್ಬೇಕ್ರಿ ಸಿಸ್ಟರ್?

ಎಳೆಕೂಸಿನ ವಾರ್ಡ್ ಸಿಸ್ಟರ್:
ಅಂಜಬೇಡ ತಂಗಿ, ಒಳ್ಳೆಯ ಹೊತ್ತಲ್ಲಿ ಕೇಳಿದ್ದಿ. ಮೊದಲು ರಕ್ತ, 11 ಇರಬೇಕಿತ್ತು. ಎಂಟನೇ ತಿಂಗಳಲ್ಲಿ ಇಷ್ಟಿದ್ರೆ ಮಾತ್ರೆ ಒಂದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ, ನಾಳೆನೇ ತಾಲೂಕು ಆಸ್ಪತ್ರೆಗೆ ಹೋಗಿ ಹೆರಿಗೆ ಡಾಕ್ಟರನ್ನ ನೋಡು, ಕಬ್ಬಿಣದ ಇಂಜೆಕ್ಷನ್ ಗ್ಲೂಕೋಸ್ ಥರ ಹಾಕ್ತಾರೆ, ಬೇಕಾ ಅಂತ ಅವರು ಹೇಳ್ತಾರೆ. ತವರಿಗೆ ಹೋಗೋದು ಅದಾದ ಮೇಲೆ. ತಾಯಿ ಕಾರ್ಡ್, ಸ್ಕ್ಯಾನಿಂಗ್, ರಕ್ತದ ರಿಪೋರ್ಟ್ ಎಲ್ಲದರ ಫೋಟೋ ನಿನ್ನ ಮೊಬೈಲ್‌ನಲ್ಲೂ ಇರ್ಲಿ, ಅಣ್ಣನ ಮೊಬೈಲ್‌ನಲ್ಲೂ ಇರ್ಲಿ. ಹೋದ ದಿನವೇ ಆ ಊರಿನ ಆಶಾ ಮನೆಗೆ ಅವ್ವನ ಜೊತೆ ಹೋಗಿ ಹೆಸರು ಹೇಳಿ ಬಾ, ಇಲ್ಲಿ ಆಶಾ ಫೋನ್ ನಂಬರ್ ಅವರಿಗೆ ಕೊಡು, ಅವರದು ಇವರಿಗೆ ಕೊಡು. ಎರಡು ಸರ್ಕಾರ ಮಾಡದ್ದನ್ನ ನೀನೇ ಮಾಡೋದು, ಏನು ಮಾಡೋದು ಈಗ ಇಷ್ಟೇ ಇದೆ. ಹೆರಿಗೆ ಎಲ್ಲಿ, ಗಾಡಿ ಯಾರದು, ರಾತ್ರಿ ಆದ್ರೆ ಯಾರು ಬರ್ತಾರೆ ಅಂತ ಈಗಲೇ ಗೊತ್ತು ಮಾಡ್ಕೋ.

ಕೂಸು ಹುಟ್ಟಿದ ಮೇಲೆ ತೂಕ ಎಷ್ಟು ಅಂತ ನೀನೇ ಕೇಳು. ಎರಡೂವರೆಗಿಂತ ಕಮ್ಮಿ ಇದ್ರೆ ಕಾಂಗರೂ ಕಟ್ಟೋದು ತೋರಿಸಿ ಅಂತ ಹಟ ಹಿಡಿದು ಕೂರು, ಬೇಗ ಮನೆಗೆ ಕಳಿಸಿದ್ರೆ ಹೋಗಬೇಡ. ಸ್ನಾನ ಬೇಡ, ಜೇನು ಬೇಡ, ಮೊದಲ ಗಿಣ್ಣು ಹಾಲು ಒಂದು ಹನಿ ಚೆಲ್ಲಬೇಡ. ಎರಡು ತಾಸಿಗೊಮ್ಮೆ ಎಬ್ಬಿಸಿ ಹಾಲು ಕೊಡು, ನಿದ್ದೆ ಮಾಡ್ತಿದೆ ಅಂತ ಬಿಡಬೇಡ. ಹಾಲು ಎಳೀತಿಲ್ಲ, ಅಳು ಸಣ್ಣಗಾಯ್ತು, ಕೈಕಾಲು ತಣ್ಣಗೆ, ಮೈ ಸುಡ್ತಿದೆ, ಉಸಿರು ನಿಮಿಷಕ್ಕೆ 60 ದಾಟಿದೆ, ಉಸಿರಾಡುವಾಗ ಎದೆಗುಂಡಿ ಒಳಗೆ ಹೋಗ್ತಿದೆ, ಅಂಗೈ ಅಂಗಾಲು ಹಳದಿ, ಹೊಕ್ಕಳಲ್ಲಿ ಕೀವು, ಇದ್ರಲ್ಲಿ ಒಂದು ಕಂಡ್ರೂ ಬೆಳಗಾಗಲಿ ಅಂತ ಕಾಯಬೇಡ. ಹೋಗುವಾಗ ಕೂಸು ಎದೆ ಮೇಲೆಯೇ ಇರ್ಲಿ, ಗಾಡಿಯಲ್ಲೂ.

ಸೇಡಂ ಸೊಸಿ:
ಅಕ್ಕಾ ಇದನ್ನ ಅವ್ವಗ ಓದಿ ಹೇಳ್ದೆ ಫೋನಿನಾಗ. ಸ್ಕ್ರೀನ್‌ಶಾಟ್ ಅಣ್ಣಗ ಕಳಿಸೀನಿ. ನಾಳೆ ದವಾಖಾನಿಗೆ ಹೊಂಟೀನಿ.

ಬದಿಯಡ್ಕ:
ಒಳ್ಳೆಯದಾಗಲಿ ತಂಗೀ. ಬಂದು ಹೇಳಿ.

ಗಡಿಯೂರ ಮಾಸ್ತರ:
ತಂಗೀ, ಛಲೋ ಆಗ್ಲಿ. ಮೂರು ದಿನದ ಹಿಂದ ನಮ್ಮೂರಿನ ಆಶಾ ಸಾಲಿಗೆ ಬಂದಿದ್ಳು, ನನ್ ಹತ್ರ ಒಂದು ನೂರು ಪೇಜಿನ ನೋಟ್‌ಬುಕ್ ಇಸ್ಕೊಂಡ್ಳು. ಆ ಕಡಿಯಿಂದ ತವರಿಗೆ ಬಂದವ್ರು, ಈ ಕಡಿಯಿಂದ ಹೋದವ್ರು, ಗುಳೆ ಹೋಗಿ ಬಂದವ್ರು, ಅವ್ರಿಗೆ ಅಂತ ಬ್ಯಾರೆ ಪುಸ್ತಕ. ಆ್ಯಪಿನಾಗ ಹತ್ತಲಿಲ್ಲಂದ್ರ ಇದ್ರಾಗ ಹತ್ತಲಿ ಅಂದ್ಳು. ಗೆರಿ ನಾನೇ ಹಾಕಿ ಕೊಟ್ಟೆ, ಹೆಸರು, ಯಾವ ಊರು, ಫೋನ್ ನಂಬರ್, ತೂಕ, ಆರು ದಿನದ ಆರು ಖಾನೆ. ಇವತ್ತು ಸಂಜೀಕ ನೋಡ್ದೆ, ಏಳು ಹೆಸರು ಆಗ್ಯಾವ. ಇಷ್ಟು ಸಣ್ಣ ಊರಾಗ ಏಳು. ಮರಣ ನೋಂದಣಿ ಹೆಂಗ ಮಾಡ್ಸೋದು ಅಂತ ಅಂಕಿಅಂಶ ಸರ್ ಮೆಸೇಜ್ ಮಾಡ್ಯಾರ, ಸೋಮವಾರ ರಜಾ ಹಾಕಿ ಹೋಗ್ತೀನಿ. ತಂಗಿ ನಾನೂ ಬರ್ತೀನಿ ಅಂದಾಳ.